ಚೀಟಿಯ ಕೆಳಗೊಂದು ಚೀಟಿ

ನನ್ನ ಭಾವ ಯಾವ ವಸ್ತು ಕೈಗೆ ಬಂದರೂ ಮೊದಲು ಹೆಬ್ಬೆರಳಿನ ಉಗುರಿನಿಂದ ಬೆಲೆ ಚೀಟಿಯ ಮೂಲೆ ಕೆರೆಯುತ್ತಾರೆ. ಸೋಪಾಗಲಿ, ಛತ್ರಿಯಾಗಲಿ, ನೆಂಟರು ತಂದ ಉಡುಗೊರೆಯಾಗಲಿ, ಆ ಚೀಟಿಯ ಕೆಳಗೆ ಇನ್ನೊಂದು ಚೀಟಿ ಇದೆಯೇ ಎಂಬುದು ಅವರಿಗೆ ಗೊತ್ತಾಗಲೇಬೇಕು. ಮದುವೆಯಲ್ಲಿ ನಮ್ಮಪ್ಪ ಕೊಟ್ಟ ಗಡಿಯಾರದ ಡಬ್ಬವನ್ನೂ ಅಪ್ಪನ ಎದುರಿಗೇ ಕೆರೆದಿದ್ದರು. ಅಪ್ಪ ಸಾಯುವ ತನಕ ಅದನ್ನು ಮರೆಯಲಿಲ್ಲ.

ತಪ್ಪು ಅವರೊಬ್ಬರದೇ ಅಲ್ಲ, ಕಸುಬಿನದೂ ಹೌದು. ಇಪ್ಪತ್ತೆರಡು ವರ್ಷದಿಂದ ಅವರು ಒಂದು ದೊಡ್ಡ ಶೂ ಅಂಗಡಿಯ ಗೋದಾಮಿನಲ್ಲಿ ಬೆಲೆ ಚೀಟಿ ಅಂಟಿಸುತ್ತಿದ್ದಾರೆ. ಹೊಸ ಮಾದರಿ ಬಂತೆಂದರೆ ಮಾಲೀಕ ಎರಡು ಸುರುಳಿ ಚೀಟಿ ಕೊಡುತ್ತಾನೆ. ಮೊದಲನೆಯದರ ಮೇಲೆ ಯಾರೂ ಕೊಡಲಾರದ ಬೆಲೆ. ಮೂರು ವಾರ ಕಳೆದ ಮೇಲೆ, ಅದು ಅರ್ಧ ಕಾಣುವ ಹಾಗೆ ಕಡಿಮೆ ಬೆಲೆಯ ಎರಡನೆಯ ಚೀಟಿ ಅಂಟಿಸಬೇಕು. ಮಾಲೀಕ ಮೊದಲ ದಿನವೇ ಮನಸ್ಸಿನಲ್ಲಿಟ್ಟುಕೊಂಡಿದ್ದ ಬೆಲೆ ಈ ಎರಡನೆಯದು. ಗಿರಾಕಿ ಮಾತ್ರ ತನಗೇನೋ ಲಾಭವಾಯಿತೆಂದು ಹಲ್ಲು ಕಿರಿಯುತ್ತಾ ಹೋಗುತ್ತಾನೆ. ಜನ ಮುಗಿಬೀಳುವಂಥ ಶೂ ಆದರೆ ಆಟವೇ ಬೇರೆ. ಅದರ ಬೆಲೆಯನ್ನು ಕಂಪನಿಯವರೇ ಗೊತ್ತುಮಾಡಿರುತ್ತಾರೆ, ಏರಿಸುವಂತಿಲ್ಲ. ಅದಕ್ಕೆ ಹನ್ನೆರಡು ಜೊತೆ ಬಂದರೆ ಹತ್ತನ್ನು ಒಳಗಿಟ್ಟು ಎರಡನ್ನು ಹೊರಗಿಡುವುದು, "ಇದೇ ಕೊನೇದು ಸಾರ್" ಎನ್ನುವುದು, ಯಾರೂ ಕೇಳದ ಕಾಲುಚೀಲ, ಬ್ರಷ್ಷುಗಳನ್ನು ಜೊತೆಗೆ ತಗುಲಿಸುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಇಷ್ಟು ತಿಳಿದ ಮನುಷ್ಯ ಶೂ ಕಂಡರೆ ಮಾರು ದೂರ ಓಡಬೇಕಿತ್ತು. ಭಾವ ಉಲ್ಟಾ. "ಮಾಲೀಕ ಬಚ್ಚಿಡ್ತಾನೆ ಅಂದ್ರೆ ಅದರಲ್ಲಿ ಏನೋ ಇದ್ದೇ ಇದೆ" ಎಂದು ತಾವೂ ಕೊಂಡು ಬಚ್ಚಿಡತೊಡಗಿದರು. ಹೀಗೆ ಇಪ್ಪತ್ತಮೂರು ಜೊತೆ ಸೇರಿದವು. ಎಲ್ಲ ಒಂಬತ್ತನೇ ಸೈಜು. ಒಂದನ್ನೂ ಕಾಲಿಗೆ ಹಾಕಿದವರಲ್ಲ; ಅವರು ಓಡಾಡುವುದು ಹಿಮ್ಮಡಿ ಸವೆದ ಚಪ್ಪಲಿಯಲ್ಲಿ. ಇಪ್ಪತ್ತೆರಡು ಜೊತೆ ಮೂಲೆಯ ಕೋಣೆಯಲ್ಲಿದ್ದವು. ಎಲ್ಲಕ್ಕಿಂತ ಮೊದಲು ಕೊಂಡ, ಅವರ ಪ್ರಾಣದಂಥ ಬಿಳಿ ಜೊತೆಯನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರು. ಹತ್ತು ವರ್ಷದಿಂದ ಅದರ ಕೀಲಿ ಅವರ ಜೇಬು ಬಿಟ್ಟಿಲ್ಲ.

ನಾನು ದರ್ಜಿ. ನನ್ನ ಬಾಡಿಗೆ ಕೋಣೆಯ ಚಾವಣಿ ಕುಸಿದಾಗ ಅಕ್ಕ ತನ್ನ ಮನೆಗೆ ಕರೆದಳು. ಮಲಗಲು ಸಿಕ್ಕಿದ್ದು ಆ ಮೂಲೆಯ ಕೋಣೆಯೇ. ನನ್ನ ದುರದೃಷ್ಟಕ್ಕೆ ನನ್ನ ಕಾಲೂ ಒಂಬತ್ತು.

ಒಂದು ವಾರದೊಳಗೆ ಭಾವನ ಕಣ್ಣು ನನ್ನ ಮುಖ ಬಿಟ್ಟು ಪಾದಕ್ಕೆ ಇಳಿಯಿತು. ಊಟಕ್ಕೆ ಕೂತರೆ ಪಾದ, ಸ್ನಾನ ಮಾಡಿ ಬಂದರೆ ಪಾದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಏನೂ ಮಾಡದ ನಾನು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಳ್ಳುತ್ತಿದ್ದೆ. ಅದು ಅವರ ಅನುಮಾನದ ಬೆಂಕಿಗೆ ತುಪ್ಪ ಸುರಿಯಿತು. ಒಂದೊಂದು ಡಬ್ಬದ ಮುಚ್ಚಳಕ್ಕೂ ಯಾರಾದರೂ ತೆರೆದರೆ ಬೀಳಲೆಂದು ತಮ್ಮ ತಲೆಯ ಒಂದೊಂದು ಕೂದಲು ಸಿಕ್ಕಿಸಿಟ್ಟರಂತೆ. ಆ ತಲೆಯಲ್ಲಿ ಉಳಿದಿದ್ದೇ ನಾಲ್ಕು ಕೂದಲು, ಅವನ್ನೂ ಕಾವಲಿಗೆ ಹಾಕಿದರು!

ಭಾನುವಾರ ಬೆಳಿಗ್ಗೆ ಕೋಣೆಯಲ್ಲಿ ವಿಚಾರಣೆ ಶುರುವಾಯಿತು. ಭಾವ ಒಂದು ನೀಲಿ ಶೂ ನನ್ನ ಮುಖದ ಮುಂದೆ ಹಿಡಿದರು.

"ಕೂದಲು ಎಲ್ಲಿ? ಒಳಗೆ ಕಾಲ್ಬೆರಳು ಒತ್ತಿದ ಗುರುತು ಯಾರದ್ದು?"

"ನನಗೇನು ಗೊತ್ತು ಭಾವ? ನಾನು ಮುಟ್ಟೇ ಇಲ್ಲ."

"ಈ ಮನೇಲಿ ಒಂಬತ್ತನೇ ಸೈಜಿನವರು ಇಬ್ಬರೇ. ನಾನು ಹಾಕ್ಕೊಂಡಿಲ್ಲ. ಇವತ್ತೇ ಬೇರೆ ಜಾಗ ನೋಡ್ಕೋ."

ನನಗೆ ಮೈಯೆಲ್ಲ ಉರಿಯಿತು. ಕೋಣೆ ಇನ್ನೊಂದು ಸಿಗುತ್ತದೆ. ಆದರೆ ಕಳ್ಳ ಎನಿಸಿಕೊಂಡು ಹೊರಬಿದ್ದರೆ ಮತ್ತೆ ಆ ಹೊಸ್ತಿಲು ತುಳಿಯುವುದು ಹೇಗೆ? ನನ್ನವರು ಅಂತ ಉಳಿದಿರುವುದು ಅಕ್ಕ ಒಬ್ಬಳೇ. ನಾನು ಬಟ್ಟೆ ಮಡಚತೊಡಗಿದೆ.

ಒದ್ದೆ ಕೈ ಒರೆಸಿಕೊಳ್ಳುತ್ತಾ ಅಕ್ಕ ಬಾಗಿಲಿಗೆ ಬಂದಳು. "ಹಾಕ್ಕೊಂಡಿದ್ದು ನಾನು. ಅವನನ್ನ ಬಿಡ್ರಿ."

"ನಿನ್ನ ಕಾಲು ಐದು!"

ಅಕ್ಕ ಎರಡು ಜೊತೆ ದಪ್ಪ ಕಾಲುಚೀಲ ಏರಿಸಿ, ಆ ನೀಲಿ ಶೂಗೆ ಕಾಲು ತೂರಿಸಿ, ಅಡುಗೆಮನೆಯಿಂದ ಹೊರಬಾಗಿಲ ತನಕ ತಪತಪ ನಡೆದು ತೋರಿಸಿದಳು. ನಗು ಬಂತು, ನಗುವ ಧೈರ್ಯ ಬರಲಿಲ್ಲ.

"ಹಾಕದೆ ಇಟ್ರೆ ಅಡಿಯ ಅಟ್ಟೆ ಒಳಗೊಳಗೇ ಸಾಯುತ್ತೆ ಅಂತ ಬೀದಿ ಕೊನೇಲಿ ಶೂ ಹೊಲಿಯೋ ಅಜ್ಜ ಹೇಳಿದ್ರು. ಮೂರು ವರ್ಷದಿಂದ ಮಧ್ಯಾಹ್ನ ಒಂದೊಂದು ಜೊತೆ ಹಾಕ್ಕೊಂಡು ನಡೀತಿದ್ದೀನಿ. ಆ ಕೂದಲು ನಿಮ್ಮ ಕಾವಲುಗಾರ ಅಂತ ನನಗೇನು ಗೊತ್ತು? ಕಸ ಅಂತ ಗುಡಿಸಿ ಹಾಕಿದೆ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. "ತಮ್ಮನ್ನ ಉಳಿಸೋಕೆ ಕಥೆ ಕಟ್ತಿದ್ದೀಯ" ಎಂದರು ಭಾವ.

"ಹಾಗಾದ್ರೆ ಬೀರು ತೆಗೀರಿ. ಅದಕ್ಕೆ ನನ್ನ ಕಾಲೂ ಸಿಕ್ಕಿಲ್ಲ, ಅವನ ಕಾಲೂ ಸಿಕ್ಕಿಲ್ಲ."

ಭಾವ ಕೀಲಿ ತಿರುಗಿಸಿದರು. ಪ್ಲಾಸ್ಟಿಕ್ ಬಿಚ್ಚಿ ಬಿಳಿ ಶೂ ಎತ್ತಿದರು. ಮೇಲಿನ ಭಾಗ ಕೈಯಲ್ಲಿ ಉಳಿಯಿತು. ಅಟ್ಟೆ ಒಣಗಿದ ಬ್ರೆಡ್ಡಿನಂತೆ ಪುಡಿಪುಡಿಯಾಗಿ ಅವರ ಪಾದದ ಮೇಲೆ ಉದುರಿತು. ಇನ್ನೊಂದನ್ನು ಎತ್ತಿದರೆ ಅದೂ ಅಷ್ಟೇ. ಉಳಿದ ಇಪ್ಪತ್ತೆರಡು ಜೊತೆಯನ್ನೂ ಒಂದೊಂದಾಗಿ ಬಗ್ಗಿಸಿ ನೋಡಿದರು. ಒಂದೂ ಬಿರುಕು ಬಿಟ್ಟಿರಲಿಲ್ಲ.

ನೆಲದ ಮೇಲೆ ಕೂತು ಕೇಳಿದರು: "ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ? ಆ ಅಜ್ಜನಿಗೆ ಇದರಲ್ಲಿ ಏನು ಲಾಭ ಅಂತ ಕೇಳ್ತಿದ್ರಿ."

ಭಾವ ನಿಜಕ್ಕೂ ಹಾಗೇ ಕೇಳುತ್ತಿದ್ದರು, ಅದು ಮೂವರಿಗೂ ಗೊತ್ತಿತ್ತು.

ಮಾರನೆಯ ದಿನ ಹೊಲಿಗೆ ಅಂಗಡಿಗೆ ಹೊರಟಿದ್ದ ನನ್ನನ್ನು ತಡೆದು ಆ ನೀಲಿ ಶೂ ಡಬ್ಬ ಕೈಗಿಟ್ಟರು. "ತಪ್ಪಾಯ್ತು ಕಣೋ. ಇದು ನಿನಗೆ. ದಿನಾ ಹಾಕ್ಕೊಂಡು ಓಡಾಡು."

ಈ ಮನುಷ್ಯ ಸುಮ್ಮನೆ ಕೊಡುವವರಲ್ಲ, ಇದರ ಹಿಂದೆ ಏನಿದೆಯೋ ಎಂದು ಯೋಚಿಸುತ್ತಾ ಡಬ್ಬ ತಿರುಗಿಸಿದೆ. ನನಗೇ ಗೊತ್ತಿಲ್ಲದೆ ಹೆಬ್ಬೆರಳಿನ ಉಗುರು ಚೀಟಿಯ ಮೂಲೆಗೆ ಹೋಗಿತ್ತು. ಭಾವ ಅದನ್ನೇ ನೋಡುತ್ತಿದ್ದರು.

"ಕೆಳಗೇನೂ ಇಲ್ಲ ಕಣೋ" ಎಂದರು ಮೆಲ್ಲಗೆ.

ನಾಚಿಕೆಯಾಯಿತು. ಆದರೂ ಬೀದಿಯ ತಿರುವು ದಾಟಿದ ಮೇಲೆ ಚೀಟಿ ಕಿತ್ತು ನೋಡಿದೆ.