ಅಜ್ಜಿಯ ಒನಕೆಯಲ್ಲಿ ಕಡೆದ ಸುತ್ತಿಗೆ

ಇವತ್ತು ಸಭೆಯಲ್ಲಿ ಮರದ ಸುತ್ತಿಗೆ ಬಡಿದೆ ನೋಡಿ, ಚನ್ನಪಟ್ಟಣದ ನಮ್ಮ ಜಗುಲಿಯ ಅರಗಿನ ವಾಸನೆ ಮೂಗಿಗೆ ಬಂದಂತಾಯಿತು.

ನಾನು ಚಿಕ್ಕವಳಿದ್ದಾಗ ಅಮ್ಮ ಮಹಿಳಾ ಹಾಲಿನ ಸಂಘದ ಅಧ್ಯಕ್ಷೆ. ಸಭೆಯ ಗಲಾಟೆಯಲ್ಲಿ ಅವಳ ಮೆಲುದನಿ ಯಾರಿಗೂ ಕೇಳುತ್ತಿರಲಿಲ್ಲ. ಬೊಂಬೆ ಕಡೆಯುವ ಅಪ್ಪ ಬೊಂಬೆಗೆ ಬಳಸುವ ಹಗುರವಾದ ಆಲೆಮರದಲ್ಲೇ ಸುತ್ತಿಗೆ ಮಾಡಿ, ಕೆಂಪು ಅರಗು ಹಚ್ಚಿಕೊಟ್ಟ. ಬಡಿದರೆ ಗಿಲಕಿಯಷ್ಟೂ ಸದ್ದಿಲ್ಲ. ಹೆಂಗಸರೆಲ್ಲ ನಕ್ಕರು. ಅಮ್ಮ ಊಟ ಬಿಟ್ಟು ಮಲಗಿದಳು.

ಅಜ್ಜಿ ಅಟ್ಟದಿಂದ ತನ್ನ ಹುಣಸೆಮರದ ಒನಕೆ ಇಳಿಸಿದಳು. ಸೊಸೆಗೂ ಮುಟ್ಟಗೊಡದಿದ್ದ ಒನಕೆ ಅದು.

"ಬೊಂಬೆ ಮರ ಏಟಿಗೆ ಆಗಾಕಿಲ್ಲ ಕಣ್ಲಾ. ಇದು ಜಲ್ಮೆಲ್ಲ ಕುಟ್ಟೈತೆ, ಇದ್ರಲ್ಲಿ ಮಾಡ್ಕೊಡು."

"ಕುಯ್ದ್ಬುಟ್ರೆ ಮತ್ತೆ ಬರಾಕಿಲ್ಲ ಕಣವ್ವ," ಎಂದ ಅಪ್ಪ.

ಅಜ್ಜಿ ಗರಗಸ ತಂದುಕೊಟ್ಟಳು.

ಈಗ ಅಧ್ಯಕ್ಷೆ ನಾನು, ಸುತ್ತಿಗೆ ಅದೇ. ಯಾವ ಸಭೆಯಲ್ಲೂ ಕೂತವಳಲ್ಲ ನಮ್ಮಜ್ಜಿ. ಇವತ್ತೂ ಒಂದೇ ಏಟಿಗೆ ಎಲ್ಲರನ್ನೂ ಸುಮ್ಮನಾಗಿಸಿದಳು.