ಒಂದೇ ಗಾಜು ಒರೆಸುವವ

ನಾನು ಸಣ್ಣವಳಿದ್ದಾಗ ಬೈಲಹೊಂಗಲದಲ್ಲಿ ಕಿಟಕಿಗೆ ಗಾಜು ಹಾಕಿಸಿದ ಮನೆಗಳು ಬೆರಳೆಣಿಕೆಯಷ್ಟು. ಅವುಗಳ ಮೇಲೂ ಹತ್ತಿ ಬಿಡಿಸುವ ಜಿನ್ನಿನ ಧೂಳು ಕೂತಿರುತ್ತಿತ್ತು. ಗಾಜು ಒರೆಸುವ ಒಬ್ಬ ಮನುಷ್ಯ ಹೊಸ ಮನೆಗೆ ಬಂದರೆ ಯಾರನ್ನೂ ಕೇಳದೆ ಏಣಿ ಹಚ್ಚಿ, ಒಂದೇ ಒಂದು ಗಾಜನ್ನು ಥಳಥಳ ಮಾಡಿ ಇಳಿಯುತ್ತಿದ್ದ.

"ಇದೊಂದ ಪುಕ್ಕಟ. ಉಳದದ್ದು ನಿಮ್ಮ ಮರ್ಜಿರಿ," ಅಂದು ಹೆಗಲ ವಸ್ತ್ರ ಕೊಡವಿ ಹೊರಟುಬಿಡುತ್ತಿದ್ದ.

ಎರಡು ದಿನದೊಳಗೆ ಉಳಿದ ಗಾಜಿನ ಹೊಲಸು ಮನೆಯವರ ಕಣ್ಣು ಚುಚ್ಚುತ್ತಿತ್ತು. ಹೀಗೆ ಕಿತ್ತೂರು, ಸವದತ್ತಿಯ ತನಕ ಮನೆ ಹಿಡಿದು, ಏಣಿ ಹೊರಲಿಕ್ಕೆ ಸ್ವಂತ ಕುದುರೆ ಇಟ್ಟು ಸುಖವಾಗಿದ್ದ.

ನಮ್ಮ ಮನೆಗೂ ಬಂದು ಮಾಳಿಗೆಯ ಕಿಟಕಿಯ ಒಂದು ಗಾಜು ಒರೆಸಿ ಹೋದ. ನಮ್ಮಪ್ಪ ಮಾತ್ರ ಜಗ್ಗಲಿಲ್ಲ. ಆ ಕಿಟಕಿಯ ಬಳಿ ಅಜ್ಜಿ ಕೂರುತ್ತಿದ್ದಳು. ಅವಳಿಗೆ ದಮ್ಮು, ಧೂಳಿಗೆ ಹೆದರಿ ಅದನ್ನು ತೆರೆಯುತ್ತಿರಲಿಲ್ಲ. ಮರುದಿನ ಅಜ್ಜಿ ಸ್ನಾನಕ್ಕೆ ಎದ್ದಾಗ ಅಪ್ಪ ಅಲ್ಲಿನ ಸ್ವಚ್ಛ ಗಾಜಿಗೆ ಎರೆಮಣ್ಣಿನ ನೀರು ಬಳಿದು ಎಲ್ಲವನ್ನೂ ಸರಿಸಮ ಮಾಡಿದ.

ಅಜ್ಜಿ ಬಂದು ಕೂತಳು. "ಎದುರು ಮನಿ ಗೆಳತಿ ನಿನ್ನೆ ನನ್ನ ನೋಡಿ ಕೈ ಬೀಸಿದ್ದಳು. ಮಾತ ಬಿಟ್ಟಾಳ ಅಂತ ಇಷ್ಟ ವರ್ಷ ಸಿಟ್ಟ ಮಾಡ್ಕೊಂಡಿದ್ದೆ. ಈಗ ಮತ್ತ ಎಲ್ಲಿ ಹೋದಳೋ."

ಅಪ್ಪ ಮಣ್ಣಿನ ಕೈ ಬೆನ್ನ ಹಿಂದೆ ಇಟ್ಟುಕೊಂಡ.

ಮುಂದಿನ ಸೋಮವಾರ ಅಪ್ಪನೇ ಕಟ್ಟೆಯ ಮೇಲೆ ನಿಂತು ಗಾಜು ಒರೆಸುವವನ ದಾರಿ ಕಾದ. "ಇವತ್ತ ಎಲ್ಲಾ ಗಾಜು ಒರಸಪಾ."

ಅವನು ಕುದುರೆಯಿಂದ ಏಣಿ ಇಳಿಸಿ ಎದುರು ಮನೆಗೆ ಹಚ್ಚಿದ.

"ಸ್ವಲ್ಪ ತಡೀರಿ, ಧಣಿ. ಈ ಮನಿ ಅಜ್ಜಿ ನಿಮಗಿಂತ ಮೊದಲ ಹೇಳಿ ಕಳಸ್ಯಾರ. ನಿಮ್ಮ ಅವ್ವಾರು ಕಾಣವಲ್ರು ಅಂತ."