ಎಮ್ಮೆ ದೋಣಿ

ಕನ್ನಂಬಾಡಿ ಹಿನ್ನೀರಿನಲ್ಲಿ ದೋಣಿ ನಡೆಸುತ್ತಿದ್ದ ಸಾಬರು ತೊಂಬತ್ತರ ದಶಕದಲ್ಲಿ ತಾವೇ ಪುಟ್ಟ ಹಡಗಿನಂಥದ್ದೊಂದನ್ನು ಕಟ್ಟಿದ್ದರು. ಆಳವಾದ ಹೊಟ್ಟೆ, ಮುಂದೆ ಗಾಜಿನ ಕೋಣೆ, ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ನು. ಅದರ ನಡಿಗೆ ಕಂಡು ಊರವರು ಎಮ್ಮೆ ಎಂದು ಹೆಸರಿಟ್ಟರು.

“ಸಾಬ್ರೇ, ನಿಮ್ಮೆಮ್ಮೆ ಇವತ್ತೇ ದಡ ಸೇರ್ತದಾ?”

“ಎಮ್ಮೆ ನೀರಿಗೆ ಎದ್ರಾಕಿಲ್ಲ ಕಣ್ಲಾ,” ಎಂದು ಅವರು ಚುಕ್ಕಾಣಿ ಸವರುತ್ತಿದ್ದರು.

ಆಷಾಢದ ಗಾಳಿಯಲ್ಲಿ ನನ್ನ ಹೆಂಡತಿಗೆ ಹೆರಿಗೆ ನೋವು ಬಂತು. ಆಸ್ಪತ್ರೆ ಆಚೆ ದಡದಲ್ಲಿತ್ತು. ಅಲೆಗಳ ಮೇಲೆ ಎಗರುವ ಸ್ಪೀಡ್‌ಬೋಟಿನಲ್ಲಿ ಅವಳನ್ನು ಕರೆದೊಯ್ಯುವಂತಿರಲಿಲ್ಲ. ಸಾಬರ ದೋಣಿಯಲ್ಲಿ ಮಲಗಿಸಿದೆವು. ಅದು ಅಲೆಗಳನ್ನು ಪಕ್ಕಕ್ಕೆ ತಳ್ಳುತ್ತಾ ಒಂದೇ ಸಮನೆ ಸಾಗಿತು.

“ಇನ್ನೂ ಜೋರಾಗಿ ಓಡ್ಸಿ,” ಎಂದೆ.

“ಇದ್ರ ನಡಿಗೇನೇ ಇಷ್ಟು. ಆಯಮ್ಮನ್ ಕೈ ಇಡ್ಕಳಪ್ಪ.”

ಮಗಳು ಆಸ್ಪತ್ರೆಯಲ್ಲೇ ಕ್ಷೇಮವಾಗಿ ಹುಟ್ಟಿದಳು. ನಾಮಕರಣಕ್ಕೆ ಬಂದ ಸಾಬರು, ನಾನು ತೊಟ್ಟಿಲು ತೂಗುವುದನ್ನು ನೋಡಿ ಕೈ ತಡೆದರು.

“ನಿಧಾನಕ್ ತೂಗಪ್ಪ. ಅವ್ಳಿಗೆ ನಮ್ಮೆಮ್ಮೆ ನಡಿಗೆ ಅಭ್ಯಾಸ ಆಗೋಗದೆ.”